ಮಧ್ಯಮೈದಾನದಿಂದ ತರಬೇತಿಯ ಅಂಗಳಕ್ಕೆ: ಕಾರ್ಲ್‌ಟನ್ ಚಾಪ್‌ಮನ್ ತುಳಿದ ಹಾದಿ

ಕುಂದಾಪುರ: ವಿಶ್ವಕಪ್ ಫುಟ್‌ಬಾಲ್ ಬಂದಾಗಲೆಲ್ಲ ಕರಾವಳಿಯ ಊರುಗಳಲ್ಲಿ ಬ್ರೆಜಿಲ್ ತಂಡದ ಹಳದಿ ಅಂಗಿ ಕಾಣಿಸಿಕೊಳ್ಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹುಡುಗರಿಗೆ ಪೆಲೆ, ಜಿಕೊ, ರೊನಾಲ್ಡೊ, ದುಂಗಾ ಎಂಬ ಹೆಸರುಗಳು ಅಪರಿಚಿತವೇನಲ್ಲ. ಆಟಗಾರನಾಗಿ ಮೆರೆದು ನಂತರ ದೇಶದ ತಂಡಕ್ಕೇ ತರಬೇತುದಾರರಾದ ಬ್ರೆಜಿಲ್ ದಿಗ್ಗಜರ ಕಥೆಗಳು ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಮತ್ತೆ ಮತ್ತೆ ಬಂದಿವೆ. ಆದರೆ ಇದೇ ನಾಡಿನಲ್ಲಿ ಹುಟ್ಟಿ, ಭಾರತ ತಂಡದ ನಾಯಕನಾಗಿ, ಬೂಟು ಕಳಚಿದ ಮೇಲೆ ಎಳೆಯರಿಗೆ ಆಟ ಕಲಿಸುತ್ತಲೇ ಬದುಕು ಮುಗಿಸಿದ ಕನ್ನಡನಾಡಿನ ಆಟಗಾರನೊಬ್ಬನ ಹೆಸರು ಎಷ್ಟು ಮಂದಿಗೆ ನೆನಪಿದೆ?

ಅವರೇ ಕಾರ್ಲ್‌ಟನ್ ಚಾಪ್‌ಮನ್. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಜನಿಸಿದ ಅವರು 2020ರ ಅಕ್ಟೋಬರ್ 12ರಂದು ಅದೇ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ 49 ವರ್ಷ. ಸುಮಾರು ಒಂದು ದಶಕ ವೃತ್ತಿಪರ ಆಟಗಾರ, ನಂತರ ಸರಿಸುಮಾರು ಎರಡು ದಶಕ ತರಬೇತುದಾರ. ಈ ಎರಡು ಬದುಕುಗಳ ನಡುವಿನ ಅಂತರವನ್ನು ಅರ್ಥ ಮಾಡಿಕೊಂಡರೆ ಭಾರತೀಯ ಫುಟ್‌ಬಾಲ್‌ನ ಒಂದು ಮುಖ್ಯ ಸಮಸ್ಯೆಯೂ ಅರ್ಥವಾಗುತ್ತದೆ. ಮೂವತ್ತರ ಹರೆಯದಲ್ಲಿ ನಿವೃತ್ತನಾಗುವ ಆಟಗಾರನ ಅನುಭವವನ್ನು ಈ ದೇಶ ಹೇಗೆ ಬಳಸಿಕೊಳ್ಳುತ್ತದೆ ಎಂಬುದೇ ಆ ಸಮಸ್ಯೆ.

ಬ್ರೆಜಿಲ್ ತೋರಿದ ಎರಡು ದಾರಿ

ಆಟಗಾರನಾಗಿದ್ದವನು ತರಬೇತುದಾರನಾಗುವುದು ಬ್ರೆಜಿಲ್‌ಗೆ ಹೊಸತಲ್ಲ. ಮಾರಿಯೊ ಜಗಾಲೊ 1958 ಮತ್ತು 1962ರಲ್ಲಿ ಆಟಗಾರನಾಗಿ ವಿಶ್ವಕಪ್ ಗೆದ್ದರು. 1970ರಲ್ಲಿ ಪೆಲೆ ಇದ್ದ ತಂಡದ ತರಬೇತುದಾರನಾಗಿ ಮತ್ತೆ ಗೆದ್ದರು. ಆಟಗಾರನಾಗಿಯೂ ತರಬೇತುದಾರನಾಗಿಯೂ ವಿಶ್ವಕಪ್ ಎತ್ತಿದ ಮೊದಲಿಗರು ಅವರೇ. 2024ರ ಜನವರಿಯಲ್ಲಿ ಅವರು ತೀರಿಕೊಂಡರು.

ದುಂಗಾ ಕಥೆ ಬೇರೆ. 1994ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ನಾಯಕರಾಗಿದ್ದ ಅವರನ್ನು 2006ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರರನ್ನಾಗಿ ನೇಮಿಸಿದಾಗ ಅವರಿಗೆ ಯಾವ ಕ್ಲಬ್‌ನಲ್ಲೂ ತರಬೇತಿ ನೀಡಿದ ಅನುಭವ ಇರಲಿಲ್ಲ. 2007ರಲ್ಲಿ ಕೋಪಾ ಅಮೆರಿಕ, 2009ರಲ್ಲಿ ಕಾನ್ಫೆಡರೇಷನ್ಸ್ ಕಪ್ ಗೆದ್ದುಕೊಟ್ಟರೂ 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು 1-2ರಿಂದ ಸೋತು ಹುದ್ದೆ ಕಳೆದುಕೊಂಡರು. 2014ರಲ್ಲಿ ಜರ್ಮನಿ ಎದುರು ತವರಿನಲ್ಲೇ 1-7ರ ಅವಮಾನವಾದ ಬಳಿಕ ಅವರನ್ನೇ ಮತ್ತೆ ಕರೆತರಲಾಯಿತು. 2016ರಲ್ಲಿ ಕೋಪಾ ಅಮೆರಿಕದ ಗುಂಪು ಹಂತದಲ್ಲೇ ತಂಡ ಹೊರಬಿದ್ದಾಗ ಎರಡನೇ ಬಾರಿಯೂ ಹೊರನಡೆದರು.

ಇದಕ್ಕೆ ವ್ಯತಿರಿಕ್ತವಾಗಿ, 1994ರಲ್ಲಿ ದುಂಗಾ ಅವರಿಗೇ ತರಬೇತಿ ನೀಡಿದ್ದ ಕಾರ್ಲೋಸ್ ಆಲ್ಬರ್ಟೊ ಪರೇರಾ ವೃತ್ತಿಪರ ಆಟಗಾರರೇ ಆಗಿರಲಿಲ್ಲ. ಕಲಿಸುವುದು ಆಡುವುದಕ್ಕಿಂತ ಬೇರೆಯದೇ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಕೀರ್ತಿಯ ಬಲದಿಂದ ನೇರವಾಗಿ ಮೇಲಿನ ಹುದ್ದೆಗೆ ಏರುವುದು ಒಂದು ದಾರಿ, ಕೆಳಗಿನ ಮೆಟ್ಟಿಲಿನಿಂದ ಕಲಿಯುತ್ತ ಏರುವುದು ಇನ್ನೊಂದು. ಚಾಪ್‌ಮನ್ ಆರಿಸಿಕೊಂಡಿದ್ದು ಎರಡನೆಯದನ್ನು. ಕ್ರಿಕೆಟ್‌ನಲ್ಲಿ ಬೆಂಗಳೂರಿನವರೇ ಆದ ರಾಹುಲ್ ದ್ರಾವಿಡ್ ಭಾರತ ‘ಎ’ ಹಾಗೂ 19 ವರ್ಷದೊಳಗಿನವರ ತಂಡಗಳಿಗೆ ತರಬೇತಿ ನೀಡಿದ ನಂತರವೇ ಹಿರಿಯರ ತಂಡದ ಹೊಣೆ ಹೊತ್ತದ್ದನ್ನು ಇಲ್ಲಿ ಸ್ಮರಿಸಬಹುದು. ವ್ಯತ್ಯಾಸವೆಂದರೆ, ದ್ರಾವಿಡ್ ಏರಿದ ಮೆಟ್ಟಿಲಿನ ತುದಿಯಲ್ಲಿ ಒಂದು ಬಾಗಿಲಿತ್ತು. ಚಾಪ್‌ಮನ್ ಪಾಲಿಗೆ ಅದು ತೆರೆಯಲೇ ಇಲ್ಲ.

ಹಾಸ್ಟೆಲ್‌ನಿಂದ ಜೆಮ್‌ಶೆಡ್‌ಪುರಕ್ಕೆ

ಎಂಬತ್ತರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಕ್ರೀಡಾ ಹಾಸ್ಟೆಲ್‌ನಲ್ಲಿ ಚಾಪ್‌ಮನ್ ಆಟ ಆರಂಭವಾಯಿತು. ನಂತರ ನಗರದ ಸದರ್ನ್ ಬ್ಲೂಸ್ ಕ್ಲಬ್ ಪರ ಆಡಿದರು. 1990ರಲ್ಲಿ ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದದ್ದು ಅವರ ಬದುಕಿನ ಮೊದಲ ದೊಡ್ಡ ತಿರುವು.

ಆ ಆಯ್ಕೆಯ ಮಹತ್ವ ತಿಳಿಯಬೇಕಾದರೆ ಆ ಕಾಲದ ಪರಿಸ್ಥಿತಿ ನೆನಪಿಸಿಕೊಳ್ಳಬೇಕು. ಆಗ ದೇಶದಲ್ಲಿ ರಾಷ್ಟ್ರೀಯ ಲೀಗ್ ಇರಲಿಲ್ಲ. ಕೋಲ್ಕತ್ತ, ಗೋವಾ, ಬೆಂಗಳೂರು ಮುಂತಾದ ಕಡೆ ಸ್ಥಳೀಯ ಲೀಗ್‌ಗಳಿದ್ದವು. ಡ್ಯುರಾಂಡ್, ರೋವರ್ಸ್, ಫೆಡರೇಷನ್ ಕಪ್‌ನಂಥ ಪಂದ್ಯಾವಳಿಗಳಿದ್ದವು. ಬೆಂಗಳೂರಿನ ಆಟಗಾರನ ಕನಸು ಹೆಚ್ಚೆಂದರೆ ಐಟಿಐ, ಎಚ್‌ಎಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳ ತಂಡ ಸೇರಿ ನೌಕರಿ ಗಳಿಸುವುದಾಗಿತ್ತು. 1987ರಲ್ಲಿ ಆರಂಭವಾಗಿದ್ದ ಟಾಟಾ ಅಕಾಡೆಮಿ ಹದಿಹರೆಯದ ಹುಡುಗರನ್ನು ಒಂದೇ ಸೂರಿನಡಿ ಇರಿಸಿ ಆಹಾರ, ಶಿಕ್ಷಣ, ದೈಹಿಕ ಕ್ಷಮತೆ, ಆಟ ಎಲ್ಲವನ್ನೂ ಒದಗಿಸಿತು. ಫುಟ್‌ಬಾಲ್ ಆಟವನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳಬಹುದು ಎಂಬ ನಂಬಿಕೆಯನ್ನು ಒಂದು ತಲೆಮಾರಿಗೆ ನೀಡಿದ ಶ್ರೇಯ ಅದಕ್ಕೆ ಸಲ್ಲಬೇಕು.

ಆರು ಗೋಲುಗಳ ಪಂದ್ಯ

ಅಕಾಡೆಮಿಯಿಂದ ಹೊರಬಂದ ಚಾಪ್‌ಮನ್ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕ್‌ನ ಪ್ರಬಲ ಕ್ಲಬ್ ಅಲ್ ಜವ್ರಾ ಎದುರಾಯಿತು. ಭಾರತದ ಕ್ಲಬ್‌ಗಳು ಪಶ್ಚಿಮ ಏಷ್ಯಾದ ತಂಡಗಳ ಎದುರು ಸೋಲಿನ ಅಂತರ ಕಡಿಮೆ ಮಾಡಿಕೊಂಡರೆ ಸಾಕು ಎಂದುಕೊಳ್ಳುತ್ತಿದ್ದ ಕಾಲವದು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರದು. ವಿದೇಶಿ ಎದುರಾಳಿಗಳ ವಿರುದ್ಧ ಭಾರತೀಯ ಕ್ಲಬ್ ಒಂದರ ಸ್ಮರಣೀಯ ಗೆಲುವುಗಳ ಪಟ್ಟಿಯಲ್ಲಿ ಆ ಪಂದ್ಯಕ್ಕೆ ಸ್ಥಾನ ಇದ್ದೇ ಇದೆ.

ವಿಶೇಷವೆಂದರೆ ಚಾಪ್‌ಮನ್ ಮುಂಪಡೆಯ ಆಟಗಾರರಲ್ಲ, ಮಿಡ್‌ಫೀಲ್ಡರ್. ಮಧ್ಯಮೈದಾನದ ಆಟಗಾರನ ಕೆಲಸ ಕಣ್ಣಿಗೆ ಎದ್ದು ಕಾಣುವಂಥದ್ದಲ್ಲ. ಹಿಂದಿನ ಸಾಲಿನವರಿಂದ ಚೆಂಡು ಪಡೆದು, ಎದುರಾಳಿ ಮೈಮೇಲೆ ಬೀಳುವ ಮುನ್ನವೇ ಮುಂದಿನ ಪಾಸ್ ಯಾರಿಗೆ ಎಂಬುದನ್ನು ನಿರ್ಧರಿಸಬೇಕು. ಚೆಂಡು ಕೈತಪ್ಪಿದರೆ ಮೊದಲು ಹಿಂದಕ್ಕೆ ಓಡಬೇಕಾದವನೂ ಅವನೇ. ಮುಂಪಡೆಯವನಿಗೆ ಮುಂದಿರುವ ಗೋಲುಕಂಬ ಕಂಡರೆ ಸಾಕು. ಮಧ್ಯದವನಿಗೆ ಹಿಂದು-ಮುಂದು ಎರಡೂ ಕಾಣಬೇಕು. ಮೈದಾನವನ್ನು ಹೀಗೆ ಇಡಿಯಾಗಿ ಓದುವ ಅಭ್ಯಾಸವೇ ಮುಂದೆ ತರಬೇತುದಾರನ ಬಂಡವಾಳವಾಗುತ್ತದೆ. ದುಂಗಾ ಮಿಡ್‌ಫೀಲ್ಡರ್ ಆಗಿದ್ದರು. 2025ರ ಮೇ ತಿಂಗಳಲ್ಲಿ ಬ್ರೆಜಿಲ್ ತನ್ನ ತಂಡಕ್ಕೆ ನೇಮಿಸಿಕೊಂಡ ಇಟಲಿಯ ಕಾರ್ಲೊ ಅಂಚೆಲೊಟ್ಟಿ ಕೂಡ ಆಟದ ದಿನಗಳಲ್ಲಿ ಮಿಡ್‌ಫೀಲ್ಡರ್ ಆಗಿದ್ದವರೇ.

ಫಗ್ವಾಡಾ, ಕೊಚ್ಚಿ, ಮತ್ತೆ ಕೋಲ್ಕತ್ತ

1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾಡಾದ ಜೆಸಿಟಿ ತಂಡಕ್ಕೆ ಹೋದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂದೆ, ಅವರಿಗೆ ಚೆಂಡು ಒದಗಿಸಲು ಹಿಂದೆ ಚಾಪ್‌ಮನ್. ಈ ಮೂವರ ಹೊಂದಾಣಿಕೆ ಆ ದಿನಗಳಲ್ಲಿ ಎದುರಾಳಿಗಳ ನಿದ್ದೆಗೆಡಿಸಿತ್ತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಪ್ರಶಸ್ತಿ ಜೆಸಿಟಿ ಪಾಲಾಯಿತು. ಭುಟಿಯಾ ಆ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಾದರು.

1997-98ರಲ್ಲಿ ಅವರು ಎಫ್‌ಸಿ ಕೊಚ್ಚಿನ್ ಪರ ಆಡಿದರು. ವೃತ್ತಿಪರ ಕ್ಲಬ್ ಎಂಬ ಹೊಸ ಕಲ್ಪನೆಯೊಂದಿಗೆ ಕೇರಳದಲ್ಲಿ ಹುಟ್ಟಿದ ಈ ಕ್ಲಬ್ 1997ರಲ್ಲೇ ಡ್ಯುರಾಂಡ್ ಕಪ್ ಗೆದ್ದು ದೇಶದ ಗಮನ ಸೆಳೆಯಿತು. ಆದರೆ ಹಣದ ಮುಗ್ಗಟ್ಟಿನಿಂದ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿತು. ಜೆಸಿಟಿ ಕೂಡ 2011ರಲ್ಲಿ ತಂಡವನ್ನು ವಿಸರ್ಜಿಸಿತು. ಚಾಪ್‌ಮನ್ ಆಡಿದ ಮೂರು ದೊಡ್ಡ ಕ್ಲಬ್‌ಗಳ ಪೈಕಿ ಎರಡು ಇಂದು ಆ ರೂಪದಲ್ಲಿ ಇಲ್ಲ ಎಂಬುದು ಭಾರತೀಯ ಫುಟ್‌ಬಾಲ್‌ನ ಅಸ್ಥಿರತೆಗೆ ಕನ್ನಡಿ.

1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದ ಅವರು 2000-01ರಲ್ಲಿ ನಾಯಕನಾಗಿ ತಂಡಕ್ಕೆ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ತಂದಿತ್ತರು. ಅದಕ್ಕೂ ಮೊದಲು, 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಮಾಲ್ಡೀವ್ಸ್ ತಂಡವನ್ನು 5-1ರಿಂದ ಮಣಿಸಿದ ಭಾರತ ತಂಡದಲ್ಲೂ ಅವರಿದ್ದರು. ರಾಷ್ಟ್ರೀಯ ತಂಡದ ನಾಯಕತ್ವದ ಗೌರವವೂ ಅವರಿಗೆ ಸಂದಿತು. ಲೀಗ್ ಪ್ರಶಸ್ತಿ ಗೆದ್ದ 2001ರಲ್ಲೇ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ವಯಸ್ಸು ಮೂವತ್ತು.

ಬೂಟು ಕಳಚಿದ ಮೇಲೆ

ಇಲ್ಲಿಂದ ಎರಡನೇ ಅಧ್ಯಾಯ. 2002ರಲ್ಲಿ ಚಾಪ್‌ಮನ್ ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ತರಬೇತುದಾರರಾಗಿ ಹಿಂದಿರುಗಿದರು. ಹನ್ನೆರಡು ವರ್ಷಗಳ ಹಿಂದೆ ಶಿಷ್ಯನಾಗಿ ಪ್ರವೇಶಿಸಿದ್ದ ಅಂಗಳಕ್ಕೆ ಗುರುವಾಗಿ ಬಂದದ್ದು ಅದು. ಬಳಿಕ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ತಂಡಗಳಿಗೆ ತರಬೇತಿ ನೀಡಿದರು. 2017ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್‌ನ ಕ್ವಾರ್ಟ್ಸ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು.

ಈ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಇವೆಲ್ಲ ಅಕಾಡೆಮಿಗಳು, ಸ್ಥಳೀಯ ಲೀಗ್‌ಗಳ ತಂಡಗಳು, ಎರಡನೇ ದರ್ಜೆಯ ಲೀಗ್‌ನಲ್ಲಿ ಮೇಲೇರಲು ಸೆಣಸುವ ಕ್ಲಬ್‌ಗಳು. ಟಿವಿ ಕ್ಯಾಮೆರಾ ಅಪರೂಪಕ್ಕೆ ಬರುವ ಮೈದಾನಗಳಿವು. ಆದರೆ ಆಟಗಾರ ರೂಪುಗೊಳ್ಳುವುದು ಇಲ್ಲಿಯೇ. ಎಡಗಾಲಿನಲ್ಲಿ ಚೆಂಡು ನಿಲ್ಲಿಸಲು ಬಾರದ ಹದಿನಾಲ್ಕರ ಹುಡುಗನನ್ನು ತಿದ್ದುವ ಕೆಲಸ ರಾಷ್ಟ್ರೀಯ ತಂಡದ ಕೋಚ್‌ನದಲ್ಲ. ಅಲ್ಲಿಗೆ ಬರುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ.

ಅಂಥ ಕ್ಲಬ್‌ಗಳ ಬದುಕು ಎಷ್ಟು ಅನಿಶ್ಚಿತ ಎಂಬುದಕ್ಕೆ ವಾಹಿಂಗ್ಡೊ ಉದಾಹರಣೆ. 2014ರಲ್ಲಿ ಐ-ಲೀಗ್‌ಗೆ ಬಡ್ತಿ ಪಡೆದ ಈ ಕ್ಲಬ್ 2014-15ರಲ್ಲಿ ಮೂರನೇ ಸ್ಥಾನ ಗಳಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಮರು ಋತುವಿಗೆ ಮುನ್ನ ಲೀಗ್‌ನಿಂದಲೇ ಹಿಂದೆ ಸರಿಯಿತು. ಗೆದ್ದ ತಂಡವೂ ಉಳಿಯದ ಕಡೆ ತರಬೇತುದಾರನ ಕೆಲಸಕ್ಕೆ ಭದ್ರತೆ ಎಲ್ಲಿಯದು?

ವಿದೇಶಿ ತರಬೇತುದಾರರ ಕಾಲ

ಚಾಪ್‌ಮನ್ ತರಬೇತುದಾರರಾಗಿ ಪಳಗುತ್ತಿದ್ದ ಹೊತ್ತಿಗೇ ದೇಶದ ಫುಟ್‌ಬಾಲ್ ನಕ್ಷೆ ಬದಲಾಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ತಂಡಗಳು ವಿದೇಶಿ ತರಬೇತುದಾರರನ್ನೇ ನೆಚ್ಚಿಕೊಂಡವು. ಬ್ರೆಜಿಲ್‌ನ ಜಿಕೊ 2014ರಿಂದ 2016ರವರೆಗೆ ಎಫ್‌ಸಿ ಗೋವಾ ತಂಡದ ಹೊಣೆ ಹೊತ್ತಿದ್ದರು. 2015ರಲ್ಲಿ ರಾಬರ್ಟೊ ಕಾರ್ಲೋಸ್ ದೆಹಲಿ ಡೈನಮೋಸ್ ತಂಡಕ್ಕೆ ಆಟಗಾರ ಮತ್ತು ತರಬೇತುದಾರ ಎರಡೂ ಆಗಿ ಬಂದರು. ಆ ವರ್ಷದ ಸೆಮಿಫೈನಲ್‌ನಲ್ಲಿ ಇಬ್ಬರು ಬ್ರೆಜಿಲ್ ತಾರೆಯರ ತಂಡಗಳೇ ಮುಖಾಮುಖಿಯಾಗಿ, ಜಿಕೊ ತಂಡ ಫೈನಲ್ ತಲುಪಿತು.

ಇದರಿಂದ ಲಾಭವಾಗಲಿಲ್ಲ ಎಂದು ಹೇಳುವಂತಿಲ್ಲ. ಪ್ರೇಕ್ಷಕರು ಬಂದರು, ತರಬೇತಿಯ ಗುಣಮಟ್ಟ ಏರಿತು. ಆದರೆ ಭಾರತೀಯ ತರಬೇತುದಾರರು ಸಹಾಯಕರ ಕುರ್ಚಿಯಲ್ಲೇ ಉಳಿದರು. ಸೂಪರ್ ಲೀಗ್ ತಂಡವೊಂದಕ್ಕೆ ಭಾರತೀಯರೊಬ್ಬರು ಪೂರ್ಣಾವಧಿ ಮುಖ್ಯ ತರಬೇತುದಾರರಾದದ್ದು 2021ರಲ್ಲಿ. ನಾರ್ತ್‌ಈಸ್ಟ್ ಯುನೈಟೆಡ್ ತಂಡಕ್ಕೆ ಖಾಲಿದ್ ಜಮೀಲ್ ನೇಮಕಗೊಂಡಾಗ. ಚಾಪ್‌ಮನ್ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಮಿಡ್‌ಫೀಲ್ಡರ್ ಆಗಿಯೇ ಆಡಿದ್ದ ಜಮೀಲ್ 2017ರಲ್ಲಿ ಮಿಜೋರಾಂನ ಐಜಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟು ಸುದ್ದಿಯಾಗಿದ್ದವರು. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಮುಖ್ಯ ತರಬೇತುದಾರರಾದರು. ದಶಕಕ್ಕೂ ಹೆಚ್ಚು ಕಾಲದ ನಂತರ ಆ ಹುದ್ದೆ ಭಾರತೀಯನಿಗೆ ಒಲಿಯಿತು.

ಪರವಾನಗಿಯ ಮೆಟ್ಟಿಲುಗಳು

ಇಂದು ಆಟಗಾರ ತರಬೇತುದಾರನಾಗಬೇಕಾದರೆ ಹೆಸರೊಂದೇ ಸಾಲದು, ಪರವಾನಗಿ ಬೇಕು. ತಳಹಂತದ ಕಿರು ಶಿಬಿರಗಳನ್ನು ದಾಟಿದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ‘ಡಿ’ ಪರವಾನಗಿ ಇದೆ. ಅಲ್ಲಿಂದ ಮುಂದೆ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ‘ಸಿ’, ‘ಬಿ’, ‘ಎ’ ಹಾಗೂ ತುತ್ತತುದಿಯಲ್ಲಿ ‘ಪ್ರೊ’. ಒಂದೊಂದು ಮೆಟ್ಟಿಲಿಗೂ ತರಗತಿ, ಮೈದಾನದಲ್ಲಿ ಪಾಠ ಮಾಡಿ ತೋರಿಸುವ ಪರೀಕ್ಷೆ, ನಡುವೆ ತಂಡವೊಂದರ ಜತೆ ಕೆಲಸ ಮಾಡಿದ ಅನುಭವ ಬೇಕಾಗುತ್ತದೆ.

ವ್ಯವಸ್ಥೆ ಸರಿಯಾದದ್ದೇ. ತೊಡಕು ಇರುವುದು ಖರ್ಚಿನಲ್ಲಿ ಮತ್ತು ಸಮಯದಲ್ಲಿ. ಶುಲ್ಕ, ಪ್ರಯಾಣ, ವಾಸ್ತವ್ಯ ಎಲ್ಲವೂ ಕಲಿಯುವವನ ಮೇಲೆಯೇ ಬಿದ್ದರೆ ಸಣ್ಣ ಊರಿನ ಮಾಜಿ ಆಟಗಾರ ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತಾನೆ. ಕ್ಲಬ್‌ಗಳೋ ಸಂಸ್ಥೆಗಳೋ ಈ ಹೊರೆಯನ್ನು ಹೊತ್ತುಕೊಂಡಲ್ಲಿ ಮಾತ್ರ ಏಣಿ ಉಪಯೋಗಕ್ಕೆ ಬರುತ್ತದೆ.

ಕರ್ನಾಟಕದ ಪರಂಪರೆ

ಚಾಪ್‌ಮನ್ ಆಕಸ್ಮಿಕವಾಗಿ ಉದಿಸಿದ ಪ್ರತಿಭೆಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ತಂಡದ ಏಕೈಕ ಗೋಲು ಬಾರಿಸಿದವರು ಬೆಂಗಳೂರಿನ ಎಸ್. ರಾಮನ್. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಹೆಸರಾದ ಐವರಲ್ಲಿ ಅಹ್ಮದ್ ಖಾನ್ ಇದೇ ನಗರದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. ಹಲಸೂರು ಸಮೀಪದ ಗೌತಮಪುರಕ್ಕೆ ‘ಮಿನಿ ಬ್ರೆಜಿಲ್’ ಎಂಬ ಅಡ್ಡಹೆಸರೇ ಇದೆ. ಅಲ್ಲಿ ಪೆಲೆ ಪ್ರತಿಮೆಯೂ ಇದೆ.

ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದಿದ್ದ ಸಂತೋಷ್ ಟ್ರೋಫಿ ಮತ್ತೆ ಕೈಸೇರಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಅರ್ಧ ಶತಮಾನದ ಈ ಬರಗಾಲದಲ್ಲಿ ಪ್ರತಿಭೆ ಬತ್ತಿರಲಿಲ್ಲ. ರಾಜ್ಯದ ಉತ್ತಮ ಆಟಗಾರರು ಕೋಲ್ಕತ್ತ, ಪಂಜಾಬ್, ಗೋವಾ, ಕೇರಳದ ಕ್ಲಬ್‌ಗಳ ಪಾಲಾಗುತ್ತಿದ್ದರು. ಆಡಲು ಹೋದವರ ಬೆನ್ನಿಗೇ ಕಲಿಸಬಲ್ಲವರೂ ಹೋದರು ಎಂಬುದಕ್ಕೆ ಚಾಪ್‌ಮನ್ ಅವರ ಜೆಮ್‌ಶೆಡ್‌ಪುರ, ಶಿಲ್ಲಾಂಗ್, ಕೋಯಿಕ್ಕೋಡ್ ದಾರಿಯೇ ಸಾಕ್ಷಿ.

ಕರಾವಳಿಗೇನು ಸಂಬಂಧ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದಲ್ಲಿ ಫುಟ್‌ಬಾಲ್ ಪ್ರಧಾನ ಕ್ರೀಡೆಯಲ್ಲ. ಇಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಎಂದರೆ ವಾಲಿಬಾಲ್, ಕಬಡ್ಡಿ, ಇಲ್ಲವೇ ಟೆನಿಸ್ ಬಾಲ್ ಕ್ರಿಕೆಟ್. ಮಳೆಗಾಲದ ನಾಲ್ಕು ತಿಂಗಳು ಮೈದಾನಗಳು ಕೆಸರುಗದ್ದೆಗಳಾಗುತ್ತವೆ. ರಾಜ್ಯದ ಪ್ರಮುಖ ಲೀಗ್ ನಡೆಯುವ ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಹೀಗಿರುವಾಗ ಫುಟ್‌ಬಾಲ್ ತರಬೇತುದಾರನೊಬ್ಬನ ಕಥೆ ಈ ಭಾಗಕ್ಕೆ ಏಕೆ ಮುಖ್ಯ?

ಉತ್ತರ ಇದೇ ನೆಲದಲ್ಲಿದೆ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ ಕುಸ್ತಿಪಟುವಾಗಬೇಕೆಂದು ಹೊರಟವರು. ಉಜಿರೆಯ ಕಾಲೇಜಿನಲ್ಲಿ ತರಬೇತುದಾರರ ಕಣ್ಣಿಗೆ ಬಿದ್ದು ವೇಟ್‌ಲಿಫ್ಟಿಂಗ್‌ನತ್ತ ಹೊರಳಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಂ ಕೂಟದಲ್ಲಿ 61 ಕೆ.ಜಿ. ವಿಭಾಗದ ಕಂಚು ಅವರದಾಯಿತು. ಶಕ್ತಿ ಹುಡುಗನಲ್ಲೇ ಇತ್ತು. ಅದು ಯಾವ ಕ್ರೀಡೆಗೆ ಒಗ್ಗುತ್ತದೆ ಎಂದು ಕಂಡುಹಿಡಿದದ್ದು ತರಬೇತುದಾರನ ಕಣ್ಣು. ಆ ಕಣ್ಣು ಊರಿನ ಹತ್ತಿರದಲ್ಲೇ ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಯಾವ ಕ್ರೀಡೆಯೇ ಆಗಲಿ, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಿ ಮೂವತ್ತಕ್ಕೆ ಮೈದಾನ ಬಿಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಮೊದಲ ಹಂತದ ತರಬೇತಿ ಪರವಾನಗಿ ಪಡೆಯಲು ಅವರಿಗೆ ನೆರವಾದರೆ, ಶಾಲೆಯ ಮೈದಾನಕ್ಕೆ ಅವರನ್ನು ಕರೆತಂದರೆ, ಅದರ ಫಲ ಟ್ರೋಫಿ, ನಗದು ಬಹುಮಾನಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಪಂದ್ಯಾವಳಿ ಎರಡು ರಾತ್ರಿಯಲ್ಲಿ ಮುಗಿಯುತ್ತದೆ. ತರಬೇತಿ ಮುಂದಿನ ಬೆಳಿಗ್ಗೆಯೂ ನಡೆಯಬೇಕಾದ ಕೆಲಸ.

ಚಾಪ್‌ಮನ್ ನಿಧನರಾದಾಗ ಶ್ರದ್ಧಾಂಜಲಿಗಳಲ್ಲಿ ಹೆಚ್ಚಾಗಿ ಕಾಣಿಸಿದ್ದು ಅಲ್ ಜವ್ರಾ ವಿರುದ್ಧದ ಮೂರು ಗೋಲುಗಳು. ಅದು ಸಹಜ. ಆದರೆ ಆಟಗಾರನಾಗಿ ಅವರು ಕಳೆದ ವರ್ಷಗಳಿಗಿಂತ ತರಬೇತುದಾರನಾಗಿ ಕಳೆದ ವರ್ಷಗಳೇ ಹೆಚ್ಚು. ಆ ವರ್ಷಗಳ ಲೆಕ್ಕ ಯಾವ ಅಂಕಪಟ್ಟಿಯಲ್ಲೂ ಇಲ್ಲ. ಅವರು ಕಲಿಸಿದ ಹುಡುಗರ ಕಾಲುಗಳಲ್ಲಿ ಅದು ಉಳಿದಿರಬೇಕು.

ಚಾಪ್‌ಮನ್ ಹೆಜ್ಜೆಗುರುತು

1971: ಬೆಂಗಳೂರಿನಲ್ಲಿ ಜನನ
1990: ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆ
1993: ಈಸ್ಟ್ ಬೆಂಗಾಲ್ ಸೇರ್ಪಡೆ, ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್
1995-97: ಜೆಸಿಟಿ, ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ
1997: ಭಾರತ ತಂಡದೊಂದಿಗೆ ಸ್ಯಾಫ್ ಚಾಂಪಿಯನ್‌ಷಿಪ್ ಗೆಲುವು
1997-98: ಎಫ್‌ಸಿ ಕೊಚ್ಚಿನ್
2001: ನಾಯಕನಾಗಿ ಈಸ್ಟ್ ಬೆಂಗಾಲ್‌ಗೆ ಲೀಗ್ ಪ್ರಶಸ್ತಿ, ನಿವೃತ್ತಿ
2002: ಟಾಟಾ ಅಕಾಡೆಮಿಯಲ್ಲಿ ತರಬೇತುದಾರ
2017: ಕೋಯಿಕ್ಕೋಡ್‌ನ ಕ್ವಾರ್ಟ್ಸ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕ
2020: ಬೆಂಗಳೂರಿನಲ್ಲಿ ನಿಧನ